ಒಂದು ಬರಹ, ಹಲವು ರೂಪ

ಬರಹಕ್ಕೆ ಎರಡು ಮುಖಗಳುಂಟು. ಅದು ಹೇಳುವ ವಿಷಯ ಒಂದು ಮುಖ. ಕಣ್ಣಿಗೆ ಕಾಣಿಸಿಕೊಳ್ಳುವ ರೂಪ ಇನ್ನೊಂದು. ಒಂದೇ ಕಥೆಯನ್ನು ನಾವು ಕೈಬರಹದ ಪ್ರತಿಯಲ್ಲಿ ಓದಬಹುದು, ಅಚ್ಚಾದ ಪುಸ್ತಕದಲ್ಲಿ ಓದಬಹುದು, ಗಣಕಯಂತ್ರದ ಪರದೆಯ ಮೇಲೂ ಓದಬಹುದು. ಕಾಗದ ಬದಲಾಯಿತೆಂದು, ಅಕ್ಷರದ ಗಾತ್ರ ಬದಲಾಯಿತೆಂದು ಕಥೆ ಬೇರೆಯಾಗುವುದಿಲ್ಲ. ಇದು ಎಲ್ಲರೂ ಬಲ್ಲ ಮಾತು. ಆದರೆ ಗಣಕಯಂತ್ರದಲ್ಲಿ ಬರೆಯತೊಡಗಿದ ಮೇಲೆ ಈ ಸರಳವಾದ ಮಾತನ್ನು ಮನುಷ್ಯನು ಎಷ್ಟೋ ಸಲ ಮರೆತಿದ್ದಾನೆ. ಓಲೆಗರಿಯ ಮೇಲೆ ಬರೆದ ಗ್ರಂಥಗಳು ನೂರಾರು ವರ್ಷ ಉಳಿದುಬಂದಿರುವ ನಾಡಿನಲ್ಲಿಯೇ, ಕೆಲವು ದಶಕಗಳ ಹಿಂದೆ ಗಣಕದಲ್ಲಿ ಬರೆದಿಟ್ಟ ಕಡತಗಳನ್ನು ಇಂದು ತೆರೆದು ಓದಲಾಗದ ಪ್ರಸಂಗಗಳು ಒದಗುತ್ತವೆ. ಕಡತವೇನೋ ಹಾಗೆಯೇ ಇದೆ; ಅದನ್ನು ಬಿಡಿಸಿ ತೋರಿಸಬಲ್ಲ ತಂತ್ರಾಂಶ ಮಾತ್ರ ಇಲ್ಲವಾಗಿದೆ. ಈ ಕಷ್ಟದಿಂದ ಪಾರಾಗುವ ಒಂದು ದಾರಿಯನ್ನೂ ಆ ದಾರಿಯಲ್ಲಿ ನೆರವಾಗುವ ಒಂದು ಉಪಕರಣವನ್ನೂ ಈ ಪಾಠದಲ್ಲಿ ಪರಿಚಯ ಮಾಡಿಕೊಳ್ಳೋಣ.

ಮೊದಲು ಅಚ್ಚುಕೂಟದ ಕಡೆಗೆ ದೃಷ್ಟಿ ಹರಿಸಬೇಕು. ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲದಲ್ಲಿ, ಲೇಖಕನ ಹಸ್ತಪ್ರತಿ ಮೊಳೆ ಜೋಡಿಸುವವನ ಕೈ ಸೇರುವ ಮುನ್ನ ಅದನ್ನು ಒಬ್ಬರು ಓದಿ, ಅಂಚಿನಲ್ಲಿಯೂ ಸಾಲುಗಳ ನಡುವೆಯೂ ಪೆನ್ಸಿಲಿನಿಂದ ಗುರುತುಗಳನ್ನು ಹಾಕುತ್ತಿದ್ದರು. ‘ಇದು ಅಧ್ಯಾಯದ ಹೆಸರು, ದೊಡ್ಡ ಮೊಳೆಯಲ್ಲಿರಲಿ’, ‘ಈ ಪದ ಓರೆ ಅಕ್ಷರದಲ್ಲಿ ಬರಲಿ’, ‘ಇಲ್ಲಿಂದ ಹೊಸ ಪರಿಚ್ಛೇದ’ ಎಂಬುದೇ ಆ ಗುರುತುಗಳ ಅರ್ಥ. ಅವು ಪುಸ್ತಕದಲ್ಲಿ ಅಚ್ಚಾಗುತ್ತಿರಲಿಲ್ಲ. ಅವು ಇದ್ದುದು ಓದುಗನಿಗಾಗಿ ಅಲ್ಲ, ಕೆಲಸಗಾರನಿಗಾಗಿ. ಹೀಗೆ ಗುರುತು ಹಾಕುವುದನ್ನು ಇಂಗ್ಲಿಷಿನಲ್ಲಿ ‘ಮಾರ್ಕ್‌ಅಪ್’ ಎನ್ನುತ್ತಿದ್ದರು. ಗಣಕಯಂತ್ರ ಬಂದ ಮೇಲೆ ಮೊಳೆ ಜೋಡಿಸುವವನ ಸ್ಥಾನದಲ್ಲಿ ಯಂತ್ರ ನಿಂತಿತು. ಯಂತ್ರಕ್ಕೆ ತಿಳಿಯುವಂತೆ ಬರಹದ ನಡುವೆ ಹಾಕುವ ಗುರುತುಗಳ ಪದ್ಧತಿಗೆ ಅದೇ ಹೆಸರು ಉಳಿಯಿತು. ಅಂಥ ಪದ್ಧತಿಯನ್ನು ನಾವು ಗುರುತುಭಾಷೆ ಎಂದು ಕರೆಯಬಹುದು.

ಗುರುತುಭಾಷೆಗಳ ಇತಿಹಾಸ ಬಹು ದೀರ್ಘವಾದುದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಜೆರೋಮ್ ಸಾಲ್ಟ್ಸರ್ ಎಂಬವರು 1964ರಲ್ಲಿ ‘ರನ್‌ಆಫ್’ ಎಂಬ ತಂತ್ರಾಂಶವನ್ನು ರಚಿಸಿದರು. ಅದರಲ್ಲಿ ಚುಕ್ಕೆಯಿಂದ ಆರಂಭವಾಗುವ ಸಾಲು ಬರಹದ ಭಾಗವಲ್ಲ, ಯಂತ್ರಕ್ಕೆ ಕೊಟ್ಟ ಆಜ್ಞೆ. ಮುಂದೆ 1977ರಲ್ಲಿ ಡೊನಾಲ್ಡ್ ಕನೂತ್ ಎಂಬ ಗಣಕವಿಜ್ಞಾನಿ ತಮ್ಮ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚನ್ನು ನೋಡಿದರು. ಹಳೆಯ ಮೊಳೆಗಳ ಅಂದ ಹೊಸ ಯಂತ್ರದ ಅಚ್ಚಿನಲ್ಲಿ ಇರಲಿಲ್ಲ. ಮನಸ್ಸಿಗೆ ಒಗ್ಗದ ಅಚ್ಚನ್ನು ಒಪ್ಪಿಕೊಳ್ಳುವ ಬದಲು, ಗಣಿತದ ಸೂತ್ರಗಳನ್ನು ಅಂದವಾಗಿ ಜೋಡಿಸಬಲ್ಲ ತಂತ್ರಾಂಶವೊಂದನ್ನು ತಾವೇ ನಿರ್ಮಿಸಲು ಹೊರಟರು. ಅದೇ ‘ಟೆಕ್’. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದ ಮೊದಲ ವರ್ಷಗಳಲ್ಲಿ ‘ಲೇಟೆಕ್’ ಎಂಬುದನ್ನು ಕಟ್ಟಿದರು. ಗಣಿತ ಮತ್ತು ಭೌತವಿಜ್ಞಾನದ ಲೇಖನಗಳು ಇಂದಿಗೂ ಹೆಚ್ಚಾಗಿ ಅದರಲ್ಲಿಯೇ ಸಿದ್ಧವಾಗುತ್ತವೆ.

ಇದೇ ಕಾಲದಲ್ಲಿ ಇನ್ನೊಂದು ವಿಚಾರಧಾರೆಯೂ ಬೆಳೆಯುತ್ತಿತ್ತು. 1967ರಲ್ಲಿ ಕೆನಡಾ ಸರಕಾರದ ಮುದ್ರಣ ಕಚೇರಿಯಲ್ಲಿ ನಡೆದ ಸಭೆಯೊಂದರಲ್ಲಿ ವಿಲಿಯಂ ಟನಿಕ್ಲಿಫ್ ಎಂಬವರು, ಬರಹದ ವಿಷಯವನ್ನೂ ಅದರ ರೂಪವನ್ನೂ ಬೇರೆ ಬೇರೆಯಾಗಿ ಇಡಬೇಕೆಂದು ಪ್ರತಿಪಾದಿಸಿದರು. ಎರಡು ವರ್ಷಗಳ ಬಳಿಕ ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಎಂಬ ಮೂವರು ಈ ವಿಚಾರವನ್ನು ಕಾರ್ಯರೂಪಕ್ಕೆ ತಂದರು. ಗೋಲ್ಡ್‌ಫಾರ್ಬ್ ಮೊದಲು ವಕೀಲರಾಗಿದ್ದವರು. ವಕೀಲರ ಕಚೇರಿಗಳ ಕಾಗದಪತ್ರಗಳನ್ನು ಗಣಕದಲ್ಲಿ ತಿದ್ದಲು ಒಂದು ತಂತ್ರಾಂಶ, ಹುಡುಕಲು ಇನ್ನೊಂದು, ಅಚ್ಚು ಮಾಡಲು ಮತ್ತೊಂದು ಬೇಕಾಗಿತ್ತು. ಆದರೆ ಒಂದರ ಗುರುತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಇದಕ್ಕೆ ಆ ಮೂವರು ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ‘ಈ ಸಾಲನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡು’ ಎಂದು ಗುರುತು ಹಾಕುವ ಬದಲು ‘ಇದು ಶೀರ್ಷಿಕೆ’ ಎಂದು ಗುರುತು ಹಾಕಿದರೆ ಸಾಕು ಎಂದು ಅವರು ತಿಳಿದರು. ಅಚ್ಚು ಮಾಡುವ ಯಂತ್ರ ಶೀರ್ಷಿಕೆಯನ್ನು ದಪ್ಪಗೊಳಿಸಲಿ. ಹುಡುಕುವ ಯಂತ್ರ ಅದನ್ನು ಪಟ್ಟಿಗೆ ಸೇರಿಸಲಿ. ಹೇಗೆ ಕಾಣಬೇಕು ಎಂಬುದನ್ನು ಆಯಾ ಯಂತ್ರ ನಿರ್ಧರಿಸಲಿ. ಏನು ಎಂಬುದನ್ನು ಮಾತ್ರ ಬರೆಯುವವನು ಹೇಳಲಿ. ಅವರು ರೂಪಿಸಿದ ‘ಜಿಎಂಎಲ್’ ಎಂಬ ಭಾಷೆಯ ಹೆಸರಿನಲ್ಲಿ ಆ ಮೂವರ ಹೆಸರಿನ ಮೊದಲಕ್ಷರಗಳೂ ಅಡಗಿವೆ. ಅದರಿಂದ ಹುಟ್ಟಿದ ‘ಎಸ್‌ಜಿಎಂಎಲ್’ 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು.

ವಿಚಾರ ಒಂದೇ ಆದರೂ ಭಾಷೆಗಳು ಹಲವಾದವು. ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ ಜಾಲತಾಣದ ಪುಟಗಳಿಗಾಗಿ ರೂಪಿಸಿದ ‘ಎಚ್‌ಟಿಎಂಎಲ್’ 1991ರಲ್ಲಿ ಹೊರಜಗತ್ತಿಗೆ ಪರಿಚಯವಾಯಿತು. 1998ರಲ್ಲಿ ‘ಎಕ್ಸ್‌ಎಂಎಲ್’ ಬಂದಿತು. 2004ರಲ್ಲಿ ಜಾನ್ ಗ್ರೂಬರ್ ‘ಮಾರ್ಕ್‌ಡೌನ್’ ಎಂಬ ಹಗುರವಾದ ಗುರುತುಭಾಷೆಯನ್ನು ಪ್ರಕಟಿಸಿದರು. ಕಚೇರಿಗಳಲ್ಲಿ ಬಳಕೆಯಾಗುವ ‘ಡಾಕ್ಸ್’ ಕಡತವೂ ಒಳಗಿನಿಂದ ನೋಡಿದರೆ ಎಕ್ಸ್‌ಎಂಎಲ್ ಕಡತಗಳನ್ನು ಒಟ್ಟಿಗೆ ಕಟ್ಟಿದ ಒಂದು ಗಂಟು. ವಿದ್ಯುನ್ಮಾನ ಪುಸ್ತಕಗಳಿಗೆ ‘ಇಪಬ್’ ಎಂಬ ಇನ್ನೊಂದು ರೂಪವಿದೆ. ಹೀಗೆ ಒಂದೊಂದು ಅಗತ್ಯಕ್ಕೆ ಒಂದೊಂದು ಭಾಷೆ ಹುಟ್ಟಿತು. ಲೇಖಕನು ಒಂದರಲ್ಲಿ ಬರೆಯುತ್ತಾನೆ, ಪ್ರಕಾಶಕನು ಇನ್ನೊಂದನ್ನು ಕೇಳುತ್ತಾನೆ, ಓದುಗನ ಕೈಯಲ್ಲಿರುವ ಉಪಕರಣಕ್ಕೆ ಮತ್ತೊಂದು ಬೇಕು. ಪ್ರತಿ ಸಲವೂ ಬರಹವನ್ನು ಮೊದಲಿನಿಂದ ಟೈಪು ಮಾಡುವುದು ಸಾಧ್ಯವೆ? ಅದನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರುವ ಪರಿವರ್ತಕವೊಂದು ಬೇಕೇ ಬೇಕು.

ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡೋಣ. ಮೂರು ಭಾಷೆಗಳಿವೆ ಎಂದುಕೊಳ್ಳಿ. ಪ್ರತಿಯೊಂದರಿಂದ ಉಳಿದ ಎರಡಕ್ಕೆ ನೇರವಾಗಿ ಪರಿವರ್ತಿಸಲು ಆರು ಪರಿವರ್ತಕಗಳು ಸಾಕು. ಹತ್ತು ಭಾಷೆಗಳಿದ್ದರೆ ಒಂಬತ್ತರ ಹತ್ತು ಪಟ್ಟು, ಎಂದರೆ 90 ಬೇಕು. ಮೂವತ್ತಾದರೆ 870. ಮೂವತ್ತೊಂದನೆಯ ಭಾಷೆಯೊಂದು ಹುಟ್ಟಿದರೆ ಮತ್ತೆ 60 ಪರಿವರ್ತಕಗಳನ್ನು ಹೊಸದಾಗಿ ಬರೆಯಬೇಕು. ಇದು ನಡೆಯುವ ಕೆಲಸವಲ್ಲ. ಆದರೆ ಊರೂರಿನ ನಡುವೆ ನೇರ ರಸ್ತೆ ಹಾಕುವ ಬದಲು ಎಲ್ಲ ಊರುಗಳಿಂದಲೂ ನಡುವಿನ ಪೇಟೆಗೆ ಒಂದೊಂದು ರಸ್ತೆ ಹಾಕಿದರೆ ಹೇಗೆ? ಯಾವ ಊರಿನವನಾದರೂ ಪೇಟೆಗೆ ಬಂದು ಅಲ್ಲಿಂದ ಬೇಕಾದ ಊರಿಗೆ ಹೋಗಬಹುದು. ಹಾಗೆಯೇ ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಒಂದು ಮಧ್ಯರೂಪವನ್ನು ಇಟ್ಟುಕೊಂಡರೆ, ಪ್ರತಿ ಭಾಷೆಗೂ ಎರಡೇ ಭಾಗಗಳು ಸಾಕು: ಆ ಭಾಷೆಯನ್ನು ಓದಿ ಮಧ್ಯರೂಪಕ್ಕೆ ತರುವ ‘ಓದುಗ’, ಮಧ್ಯರೂಪದಿಂದ ಆ ಭಾಷೆಗೆ ಬರೆಯುವ ‘ಬರೆಗಾರ’. ಮೂವತ್ತು ಭಾಷೆಗಳಿಗೆ 870ರ ಬದಲು 60. ಮೂವತ್ತೊಂದನೆಯದಕ್ಕೆ ಹೆಚ್ಚಾಗಿ ಎರಡು.

ಈ ತತ್ತ್ವದ ಮೇಲೆ ರಚಿತವಾದ ಉಪಕರಣಗಳಲ್ಲಿ ಪ್ರಸಿದ್ಧವಾದುದು ‘ಪ್ಯಾಂಡಾಕ್’. ಇದನ್ನು ರಚಿಸಿದ ಜಾನ್ ಮ್ಯಾಕ್‌ಫಾರ್ಲೇನ್ ವೃತ್ತಿಯಿಂದ ಗಣಕತಜ್ಞರಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಕ್‌ಲಿ ಶಾಖೆಯಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ತರ್ಕಶಾಸ್ತ್ರವೂ ಭಾಷೆಯ ತತ್ತ್ವವಿಚಾರವೂ ಅವರ ಅಧ್ಯಯನದ ವಿಷಯಗಳು. ಪ್ಯಾಂಡಾಕ್ 2006ರಲ್ಲಿ ಮೊದಲು ಹೊರಬಂದಿತು. ‘ಹ್ಯಾಸ್ಕೆಲ್’ ಎಂಬ ಕ್ರಮವಿಧಿ ಭಾಷೆಯಲ್ಲಿ ಅದು ರಚಿತವಾಗಿದೆ. ಅದೊಂದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಹಣ ತೆರದೆ ಅದನ್ನು ಪಡೆದು ಬಳಸಬಹುದು. ಅದರ ಮೂಲವನ್ನು ಓದಬಹುದು, ತಿದ್ದಬಹುದು. ಅನೇಕ ದೇಶಗಳ ಜನರು ಅದರ ಬೆಳವಣಿಗೆಗೆ ಕೈಜೋಡಿಸಿದ್ದಾರೆ. ಇಂದು ಅದು ಹತ್ತಾರು ರೂಪಗಳ ಕಡತಗಳನ್ನು ಓದಬಲ್ಲದು, ಹತ್ತಾರು ರೂಪಗಳಲ್ಲಿ ಬರೆಯಬಲ್ಲದು.

ಅದರ ಕೆಲಸವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಕೆರೆಯ ವಿಷಯವಾಗಿ ಒಂದು ವರದಿಯನ್ನು ಮಾರ್ಕ್‌ಡೌನ್ ಪದ್ಧತಿಯಲ್ಲಿ ಬರೆದಿದ್ದಾಳೆ ಎಂದುಕೊಳ್ಳಿ. ಮಾರ್ಕ್‌ಡೌನಿನಲ್ಲಿ ಬರೆಯಲು ವಿಶೇಷ ತಂತ್ರಾಂಶವೇನೂ ಬೇಡ. ಸಾಲಿನ ಮೊದಲಿಗೆ ‘#’ ಚಿಹ್ನೆ ಇದ್ದರೆ ಆ ಸಾಲು ಶೀರ್ಷಿಕೆ. ಅಂಥ ಚಿಹ್ನೆ ಎರಡಿದ್ದರೆ ಉಪಶೀರ್ಷಿಕೆ. ಒಂದು ಪದದ ಎರಡು ಬದಿಗೂ ‘*’ ಚಿಹ್ನೆ ಇದ್ದರೆ ಆ ಪದಕ್ಕೆ ಒತ್ತು. ಸಾಲಿನ ಮೊದಲಿಗೆ ಕಿರುಗೆರೆ ಇದ್ದರೆ ಅದು ಪಟ್ಟಿಯ ಒಂದು ಅಂಶ. ನಡುವೆ ಖಾಲಿ ಸಾಲು ಬಂದರೆ ಅಲ್ಲಿಗೆ ಪರಿಚ್ಛೇದ ಮುಗಿಯಿತು. ಅವಳ ವರದಿಯ ಆರಂಭ ಹೀಗಿರಬಹುದು:

# ನಮ್ಮ ಊರಿನ ಕೆರೆ

ಕೆರೆಯ ತೂಬು *ಎರಡು* ಕಡೆ ಇದೆ.

ಇದನ್ನು ಪ್ಯಾಂಡಾಕ್ ಓದಿದಾಗ ಅಕ್ಷರಗಳ ಸಾಲನ್ನು ಹಾಗೆಯೇ ನಕಲು ಮಾಡುವುದಿಲ್ಲ. ಅದರ ರಚನೆಯನ್ನು ಬಿಡಿಸಿ, ಕಾಂಡದಿಂದ ಕೊಂಬೆಗಳು ಒಡೆದಂತೆ, ಒಂದು ಮರವನ್ನು ಕಟ್ಟುತ್ತದೆ. ಇಡೀ ಬರಹವೇ ಕಾಂಡ. ಅದರಿಂದ ಹೊರಟ ಮೊದಲ ಕೊಂಬೆ ‘ಶೀರ್ಷಿಕೆ, ಮೊದಲನೆಯ ಮಟ್ಟ’. ಆ ಕೊಂಬೆಯಲ್ಲಿ ‘ನಮ್ಮ’, ‘ಊರಿನ’, ‘ಕೆರೆ’ ಎಂಬ ಮೂರು ಪದಗಳು, ಅವುಗಳ ನಡುವೆ ಅಂತರಗಳು. ಎರಡನೆಯ ಕೊಂಬೆ ‘ಪರಿಚ್ಛೇದ’. ಅದರೊಳಗೆ ಪದಗಳು, ಅಂತರಗಳು, ನಡುವೆ ‘ಒತ್ತು’ ಎಂಬ ಒಂದು ಚಿಕ್ಕ ಕೊಂಬೆ, ಆ ಕೊಂಬೆಯ ತುದಿಯಲ್ಲಿ ‘ಎರಡು’ ಎಂಬ ಪದ. ಈ ಮರದಲ್ಲಿ ‘#’ ಚಿಹ್ನೆಯೂ ಇಲ್ಲ, ‘*’ ಚಿಹ್ನೆಯೂ ಇಲ್ಲ. ಅವು ಸೂಚಿಸಿದ ಅರ್ಥ ಮಾತ್ರ ಉಳಿದಿದೆ. ನಾವು ಮೇಲೆ ಮಧ್ಯರೂಪ ಎಂದು ಕರೆದದ್ದು ಇದನ್ನೇ. ಇನ್ನು ಬರೆಗಾರನ ಕೆಲಸ. ಎಚ್‌ಟಿಎಂಎಲ್ ಬೇಕೆಂದರೆ ಶೀರ್ಷಿಕೆಯ ಹಿಂದೆ ಮುಂದೆ ಆ ಭಾಷೆಯ ಗುರುತುಗಳು ಬರುತ್ತವೆ. ಲೇಟೆಕ್ ಬೇಕೆಂದರೆ ಅದರ ಆಜ್ಞೆಗಳು ಬರುತ್ತವೆ. ಡಾಕ್ಸ್ ಬೇಕೆಂದರೆ ಕಚೇರಿ ತಂತ್ರಾಂಶದ ‘ಶೀರ್ಷಿಕೆ’ ಶೈಲಿ ಅದಕ್ಕೆ ಅಂಟಿಕೊಳ್ಳುತ್ತದೆ. ಮರ ಒಂದೇ, ಫಲಗಳು ಹಲವು.

ಪ್ಯಾಂಡಾಕನ್ನು ಬಳಸುವ ಕ್ರಮವೂ ತಿಳಿಯಬೇಕಾದುದು. ಅದಕ್ಕೆ ಒತ್ತುವ ಗುಂಡಿಗಳಾಗಲಿ ಚಿತ್ರಗಳಾಗಲಿ ಇಲ್ಲ. ಗಣಕದಲ್ಲಿ ‘ಟರ್ಮಿನಲ್’ ಎಂಬ ಕಿಟಕಿಯನ್ನು ತೆರೆದು, ಆಜ್ಞೆಯನ್ನು ಒಂದು ಸಾಲಿನಲ್ಲಿ ಟೈಪು ಮಾಡಬೇಕು. ಆದುದರಿಂದಲೇ ಇಂಥವನ್ನು ಆಜ್ಞಾಸಾಲಿನ ಉಪಕರಣಗಳು ಎನ್ನುತ್ತಾರೆ. ಕೆರೆಯ ವರದಿಯನ್ನು ಜಾಲಪುಟವಾಗಿ ಪರಿವರ್ತಿಸುವ ಆಜ್ಞೆ ಹೀಗಿರುತ್ತದೆ. ಗಣಕದಲ್ಲಿ ಇದನ್ನು ರೋಮನ್ ಅಕ್ಷರಗಳಲ್ಲಿ ಟೈಪು ಮಾಡಬೇಕು. ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಕೊಟ್ಟಿದೆ:

ಪ್ಯಾಂಡಾಕ್ ಕೆರೆ.ಎಂಡಿ -ಎಸ್ -ಓ ಕೆರೆ.ಎಚ್‌ಟಿಎಂಎಲ್

ಇದರಲ್ಲಿ ಮೊದಲನೆಯದು ಉಪಕರಣದ ಹೆಸರು. ಎರಡನೆಯದು ಓದಬೇಕಾದ ಕಡತ. ಕಿರುಗೆರೆಯೊಡನೆ ಬಂದಿರುವ ‘ಎಸ್’ ಅಕ್ಷರವು, ಬರಹದ ತುಣುಕು ಮಾತ್ರವಲ್ಲ, ತಲೆಭಾಗವೂ ಸೇರಿದ ಪೂರ್ಣ ಪುಟ ಬೇಕೆಂದು ಸೂಚಿಸುತ್ತದೆ. ಕಿರುಗೆರೆಯೊಡನೆ ಬಂದಿರುವ ‘ಓ’ ಅಕ್ಷರವು ಮುಂದೆ ಬರುವುದು ಫಲಿತದ ಕಡತದ ಹೆಸರೆಂದು ತಿಳಿಸುತ್ತದೆ. ಹೆಸರಿನ ಕೊನೆಯ ಭಾಗವನ್ನು ನೋಡಿಯೇ ಪ್ಯಾಂಡಾಕ್ ಯಾವ ಭಾಷೆಯಿಂದ ಯಾವ ಭಾಷೆಗೆ ಪರಿವರ್ತಿಸಬೇಕೆಂದು ಊಹಿಸಿಕೊಳ್ಳುತ್ತದೆ. ಸ್ಪಷ್ಟವಾಗಿ ಹೇಳಬೇಕೆಂದಿದ್ದರೆ ‘ಎಫ್’ ಗುರುತಿನಿಂದ ಮೂಲ ಭಾಷೆಯನ್ನೂ ‘ಟಿ’ ಗುರುತಿನಿಂದ ಗುರಿಯ ಭಾಷೆಯನ್ನೂ ಹೆಸರಿಸಬಹುದು. ಕೊನೆಯ ಹೆಸರನ್ನು ‘ಕೆರೆ.ಡಾಕ್ಸ್’ ಎಂದು ಬದಲಿಸಿದರೆ ಕಚೇರಿಗೆ ಕಳುಹಿಸುವ ಪ್ರತಿ ಸಿದ್ಧ, ‘ಕೆರೆ.ಇಪಬ್’ ಎಂದರೆ ವಿದ್ಯುನ್ಮಾನ ಪುಸ್ತಕ ಸಿದ್ಧ. ಹಲವು ಅಧ್ಯಾಯಗಳ ಕಡತಗಳನ್ನು ಒಂದರ ಮುಂದೊಂದು ಹೆಸರಿಸಿದರೆ ಅವೆಲ್ಲ ಆ ಕ್ರಮದಲ್ಲಿಯೇ ಸೇರಿ ಒಂದು ಪುಸ್ತಕವಾಗುತ್ತವೆ.

ಚಿತ್ರಗಳನ್ನು ಒತ್ತಿ ಕೆಲಸ ಮಾಡುವ ಸೌಕರ್ಯವಿರುವಾಗ ಹೀಗೆ ಟೈಪು ಮಾಡುವ ಶ್ರಮವೇಕೆ ಎಂದು ಕೇಳಬಹುದು. ಒಂದೇ ಕಡತವಿದ್ದರೆ ಆ ಪ್ರಶ್ನೆ ಸರಿಯೇ. ಆದರೆ ಗ್ರಂಥಾಲಯವೊಂದರಲ್ಲಿ ಸಾವಿರ ಕಡತಗಳಿದ್ದರೆ ಸಾವಿರ ಸಲ ಗುಂಡಿ ಒತ್ತುವವರು ಯಾರು? ಆಜ್ಞೆಯನ್ನು ಒಮ್ಮೆ ಸರಿಯಾಗಿ ಬರೆದರೆ, ಅದನ್ನು ಪ್ರತಿ ಕಡತಕ್ಕೂ ಮತ್ತೆ ಮತ್ತೆ ಅನ್ವಯಿಸುವಂತೆ ಗಣಕಕ್ಕೆ ತಿಳಿಸಬಹುದು. ಇನ್ನೊಂದು ಪ್ರಯೋಜನವೂ ಉಂಟು. ಗುಂಡಿ ಒತ್ತಿದ ಕೈಚಲನೆಯನ್ನು ಬರೆದಿಡಲಾಗದು. ಆಜ್ಞೆಯನ್ನು ಬರೆದಿಡಬಹುದು, ಇನ್ನೊಬ್ಬರಿಗೆ ಕೊಡಬಹುದು, ಮುಂದಿನ ವರ್ಷ ಅದೇ ಫಲಿತವನ್ನು ಮತ್ತೆ ಪಡೆಯಬಹುದು. ಆಜ್ಞೆಗಳನ್ನು ಒಂದಕ್ಕೊಂದು ಜೋಡಿಸಿ ಒಂದರ ಫಲಿತವನ್ನು ಇನ್ನೊಂದಕ್ಕೆ ಹರಿಸುವ ‘ಪೈಪ್’ ಎಂಬ ಏರ್ಪಾಡು ಯುನಿಕ್ಸ್ ಕಾರ್ಯವ್ಯವಸ್ಥೆಯಲ್ಲಿ 1973ರಲ್ಲಿಯೇ ಬಂದಿತು. ಅದರ ಹಿಂದಿನ ಪ್ರೇರಣೆ ಡಗ್ ಮ್ಯಾಕಿಲ್‌ರಾಯ್ ಅವರದು. ಪ್ಯಾಂಡಾಕ್ ಆ ಪರಂಪರೆಗೆ ಸೇರಿದ ಉಪಕರಣ. ಹಾಗೆಂದು ಎಚ್ಚರ ತಪ್ಪಬಾರದು. ಫಲಿತಕ್ಕೆ ಕೊಟ್ಟ ಹೆಸರಿನ ಕಡತವು ಮೊದಲೇ ಇದ್ದರೆ ಪ್ಯಾಂಡಾಕ್ ಕೇಳದೆಯೇ ಅದರ ಮೇಲೆ ಬರೆದುಬಿಡುತ್ತದೆ. ಆದುದರಿಂದ ಮೂಲದ ಪ್ರತಿಯನ್ನು ಬೇರೆಡೆ ಜೋಪಾನವಾಗಿ ಇಟ್ಟು ಕೆಲಸಕ್ಕೆ ತೊಡಗುವುದು ವಿವೇಕ.

ಪರಿವರ್ತನೆಯಲ್ಲಿ ಎಲ್ಲವೂ ಹಾಗೆಯೇ ಉಳಿಯುವುದೆ? ಇಲ್ಲ. ಮಧ್ಯರೂಪದ ಮರದಲ್ಲಿ ಶೀರ್ಷಿಕೆ, ಪರಿಚ್ಛೇದ, ಪಟ್ಟಿ, ಕೋಷ್ಟಕ, ಅಡಿಟಿಪ್ಪಣಿ, ಗಣಿತಸೂತ್ರ, ಚಿತ್ರ ಮೊದಲಾದ ರಚನೆಗಳಿಗೆ ಸ್ಥಳವಿದೆ. ಅಂಚಿನ ಅಗಲ ಎಷ್ಟು, ಪುಟದ ಬಣ್ಣ ಯಾವುದು ಎಂಬಂಥ ವಿವರಗಳಿಗೆ ಅಲ್ಲಿ ಸ್ಥಳವಿಲ್ಲ. ಬಹು ಜಟಿಲವಾದ ಕೋಷ್ಟಕಗಳು ಕೆಲವೊಮ್ಮೆ ರೂಪಗೆಡುತ್ತವೆ. ಸರಳವಾದ ಭಾಷೆಯಿಂದ ಸಂಕೀರ್ಣವಾದ ಭಾಷೆಗೆ ಹೋಗುವಾಗ ನಷ್ಟ ಕಡಿಮೆ. ಸಂಕೀರ್ಣದಿಂದ ಸರಳಕ್ಕೆ ಬರುವಾಗ ನಷ್ಟ ಹೆಚ್ಚು. ಇಲ್ಲಿ ಬರೆಯುವವನ ಅಭ್ಯಾಸವೂ ಮುಖ್ಯವಾಗುತ್ತದೆ. ಕಚೇರಿ ತಂತ್ರಾಂಶದಲ್ಲಿ ಒಬ್ಬನು ಶೀರ್ಷಿಕೆಗೆ ‘ಶೀರ್ಷಿಕೆ’ ಎಂಬ ಶೈಲಿಯನ್ನು ಕೊಟ್ಟಿದ್ದಾನೆ. ಇನ್ನೊಬ್ಬನು ಅದೇ ಸಾಲನ್ನು ದೊಡ್ಡ ದಪ್ಪ ಅಕ್ಷರಗಳಲ್ಲಿ ಮಾತ್ರ ಬರೆದಿದ್ದಾನೆ ಎಂದುಕೊಳ್ಳಿ. ಕಾಗದದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಪರಿವರ್ತಿಸಿದಾಗ ಮೊದಲನೆಯವನ ಶೀರ್ಷಿಕೆ ಶೀರ್ಷಿಕೆಯಾಗಿಯೇ ಉಳಿಯುತ್ತದೆ. ಪರಿವಿಡಿಯಲ್ಲಿ ತಾನಾಗಿ ಸೇರಿಕೊಳ್ಳುತ್ತದೆ. ಎರಡನೆಯವನದು ದಪ್ಪ ಅಕ್ಷರಗಳ ಒಂದು ಪರಿಚ್ಛೇದವಾಗಿ ಉಳಿಯುತ್ತದೆ, ಅಷ್ಟೆ. ಅವನ ಮನಸ್ಸಿನಲ್ಲಿದ್ದುದನ್ನು ಯಂತ್ರವು ಊಹಿಸಲಾರದು.

ಪಿಡಿಎಫ್ ಕಡತಗಳ ಸಂಗತಿಯೂ ಇಂಥದೇ. ಪ್ಯಾಂಡಾಕ್ ಇತರ ಉಪಕರಣಗಳ ನೆರವಿನಿಂದ ಪಿಡಿಎಫ್ ಕಡತವನ್ನು ತಯಾರಿಸಬಲ್ಲದು. ಆದರೆ ಪಿಡಿಎಫ್ ಕಡತವನ್ನು ಓದಲಾರದು. ಇದು ಅದರ ಕೊರತೆಯೆಂದು ತೋರಬಹುದು. ವಾಸ್ತವವಾಗಿ 1993ರಲ್ಲಿ ಬಳಕೆಗೆ ಬಂದ ಈ ರೂಪದ ಉದ್ದೇಶವೇ ಬೇರೆ. ಯಾವ ಅಕ್ಷರದ ಆಕಾರವನ್ನು ಪುಟದ ಯಾವ ಜಾಗದಲ್ಲಿ ಇಡಬೇಕೆಂಬುದನ್ನು ಅದು ಕರಾರುವಾಕ್ಕಾಗಿ ಹೇಳುತ್ತದೆ. ಯಾವುದು ಶೀರ್ಷಿಕೆ, ಪರಿಚ್ಛೇದ ಎಲ್ಲಿ ಮುಗಿಯಿತು ಎಂಬುದನ್ನು ಅದು ಹೇಳಲೇಬೇಕೆಂಬ ನಿಯಮವಿಲ್ಲ. ಅದು ಅಚ್ಚಾದ ಹಾಳೆಯ ಹಾಗೆ. ಹಾಳೆಯನ್ನು ಓದುವುದಕ್ಕೆ ಅನುಕೂಲ. ಅದರಿಂದ ಸಂಪಾದಕನ ಗುರುತುಗಳನ್ನು ಮರಳಿ ಪಡೆಯುವುದು ಕಷ್ಟ. ಆದುದರಿಂದ ಪಿಡಿಎಫ್ ಪ್ರತಿಯೊಂದನ್ನೇ ಉಳಿಸಿಕೊಂಡು ಮೂಲವನ್ನು ಬಿಸಾಡುವುದು ಬೀಜವನ್ನೆಲ್ಲ ಬೇಯಿಸಿಬಿಟ್ಟಂತೆ.

ಈ ವಿಚಾರ ಕನ್ನಡಿಗರಾದ ನಮಗೆ ವಿಶೇಷವಾಗಿ ಸಂಬಂಧಿಸಿದುದು. ಪ್ಯಾಂಡಾಕ್ ಓದುವುದೂ ಬರೆಯುವುದೂ ಯೂನಿಕೋಡ್ ಸಂಕೇತಗಳಲ್ಲಿ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಪಂಕ್ತಿ ಮೀಸಲಾಗಿತ್ತು. ಆದರೆ ಅದು ಎಲ್ಲ ಗಣಕಗಳಲ್ಲಿಯೂ ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಆ ನಡುಗಾಲದಲ್ಲಿ ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ತಂದವು. ಅವುಗಳ ಉಪಕಾರ ದೊಡ್ಡದು. ಪುಸ್ತಕಗಳು, ಪತ್ರಿಕೆಗಳು, ಕಚೇರಿಯ ಕಾಗದಗಳು ಅಸಂಖ್ಯವಾಗಿ ಅವುಗಳಲ್ಲಿ ಸಿದ್ಧವಾದವು. ಆಗಿನ ಅಕ್ಷರವಿನ್ಯಾಸಗಳಲ್ಲಿ ರೋಮನ್ ಅಕ್ಷರಗಳಿಗೂ ಇತರ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ಆಕಾರಗಳನ್ನೂ ಅವುಗಳ ತುಂಡುಗಳನ್ನೂ ಕೂರಿಸಿದ್ದರು. ಆ ಅಕ್ಷರವಿನ್ಯಾಸ ಇರುವವರೆಗೆ ಕಡತವು ಕನ್ನಡವಾಗಿ ಕಾಣುತ್ತದೆ. ಅದಿಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಪ್ಯಾಂಡಾಕಿನ ಕಣ್ಣಿಗೂ ಅದು ಕಾಣುವುದು ಹಾಗೆಯೇ. ಈಗ ಈ ತಂತ್ರಾಂಶಗಳೂ ಯೂನಿಕೋಡಿನಲ್ಲಿ ಬರೆಯಲು ಅವಕಾಶ ಕೊಟ್ಟಿವೆ. ಆದರೆ ಹಳೆಯ ಕಡತಗಳು ಹಳೆಯ ಸಂಕೇತದಲ್ಲಿಯೇ ಉಳಿದಿವೆ.

‘ಸೂರ್ಯ’ ಎಂಬ ಪದವನ್ನು ನೋಡಿ. ಯೂನಿಕೋಡಿನಲ್ಲಿ ಅದು ಐದು ಸಂಕೇತಗಳ ಸಾಲು: ಸಕಾರ, ದೀರ್ಘ ಊಕಾರದ ಚಿಹ್ನೆ, ರಕಾರ, ಸ್ವರವಿಲ್ಲವೆಂದು ತಿಳಿಸುವ ಹಲಂತ ಚಿಹ್ನೆ, ಯಕಾರ. ಬಾಯಿಂದ ನುಡಿಯುವ ಕ್ರಮದಲ್ಲಿಯೇ ರಕಾರ ಮೊದಲು, ಯಕಾರ ಅನಂತರ. ಬರೆಯುವಾಗಲಾದರೋ ನಾವು ಯಕಾರವನ್ನು ಮೊದಲು ಬರೆದು ಅದರ ಬಲಕ್ಕೆ ಅರ್ಕಾವೊತ್ತನ್ನು ಹಾಕುತ್ತೇವೆ. ಹಳೆಯ ಸಂಕೇತಗಳು ಈ ಬರೆಯುವ ಕ್ರಮವನ್ನೇ ಅನುಸರಿಸಿದವು. ಎಂದರೆ ಯೂನಿಕೋಡ್ ಅಕ್ಷರ ಯಾವುದೆಂಬುದನ್ನು ಹೇಳಿತು. ಹಳೆಯ ಸಂಕೇತ ಅಕ್ಷರ ಹೇಗೆ ಕಾಣುತ್ತದೆ ಎಂಬುದನ್ನು ಹೇಳಿತು. ಶೀರ್ಷಿಕೆ ಮತ್ತು ದಪ್ಪ ಅಕ್ಷರಗಳ ನಡುವೆ ನಾವು ಕಂಡ ವ್ಯತ್ಯಾಸವೇ ಇಲ್ಲಿ ಒಂದೊಂದು ಅಕ್ಷರದ ಮಟ್ಟದಲ್ಲಿ ಕಾಣಿಸಿಕೊಂಡಿದೆ. ಆದುದರಿಂದ ಹಳೆಯ ಕನ್ನಡ ಕಡತಗಳನ್ನು ಮೊದಲು ಅದಕ್ಕೆಂದೇ ಇರುವ ಪರಿವರ್ತಕದಿಂದ ಯೂನಿಕೋಡಿಗೆ ತರಬೇಕು. ಆ ಪರಿವರ್ತಕವು ತುಂಡುಗಳನ್ನು ಕೂಡಿಸಿ ಅಕ್ಷರ ಮಾಡುವುದಲ್ಲದೆ, ಅರ್ಕಾವೊತ್ತಿನಂಥ ಕಡೆಗಳಲ್ಲಿ ಕ್ರಮವನ್ನೂ ತಿರುಗಿಸಬೇಕು. ಈ ಕೆಲಸದಲ್ಲಿ ಅಲ್ಲಲ್ಲಿ ತಪ್ಪುಗಳು ನುಸುಳುವುದರಿಂದ ಕನ್ನಡ ಬಲ್ಲವರೊಬ್ಬರು ಫಲಿತವನ್ನು ಓದಿ ತಿದ್ದಬೇಕು. ಅನಂತರವೇ ಪ್ಯಾಂಡಾಕಿನ ಸರದಿ. ಕನ್ನಡ ಬರಹದಿಂದ ಪಿಡಿಎಫ್ ಬೇಕಾದಾಗಲೂ ಒಂದು ಸೂಚನೆಯನ್ನು ನೆನಪಿಡಬೇಕು. ಪ್ಯಾಂಡಾಕ್ ಸಾಮಾನ್ಯವಾಗಿ ಕರೆಯುವ ಲೇಟೆಕ್ ಯಂತ್ರಕ್ಕೆ ಕನ್ನಡದ ಒತ್ತಕ್ಷರಗಳನ್ನು ಜೋಡಿಸಲು ಬರುವುದಿಲ್ಲ. ‘ಝೀಟೆಕ್’ ಎಂಬ ಯಂತ್ರವನ್ನೂ ‘ನೋಟೋ ಸ್ಯಾನ್ಸ್ ಕನ್ನಡ’ದಂಥ ಯೂನಿಕೋಡ್ ಅಕ್ಷರವಿನ್ಯಾಸವನ್ನೂ ಆಜ್ಞೆಯಲ್ಲಿಯೇ ಹೆಸರಿಸಬೇಕು.

ಉಪಕರಣಗಳು ಬರುತ್ತವೆ, ಹೋಗುತ್ತವೆ. ಮುಂದೊಂದು ದಿನ ಪ್ಯಾಂಡಾಕಿನ ಜಾಗದಲ್ಲಿ ಬೇರೊಂದು ಬರಬಹುದು. ಆದರೆ ಬರೆಯುವವನು ಪಾಲಿಸಬೇಕಾದ ಕ್ರಮ ಬದಲಾಗುವುದಿಲ್ಲ. ಬರಹದ ಪ್ರತಿಯೊಂದು ಭಾಗವೂ ಏನೆಂಬುದನ್ನು ಸ್ಪಷ್ಟವಾಗಿ ಗುರುತಿಸಿ ಬರೆಯಬೇಕು. ಎಲ್ಲ ಗಣಕಗಳೂ ಓದಬಲ್ಲ ಸಂಕೇತದಲ್ಲಿ, ಒಂದೇ ಸಂಸ್ಥೆಯ ತಂತ್ರಾಂಶಕ್ಕೆ ಕಟ್ಟುಬೀಳದ ರೂಪದಲ್ಲಿ ಮೂಲವನ್ನು ಇಡಬೇಕು. ಪರಿವರ್ತಿಸಿದ ಪ್ರತಿಯನ್ನು ಮೂಲದೊಡನೆ ಹೋಲಿಸಿ ಓದಬೇಕು. ಹಿಂದೆ ಓಲೆಗರಿ ಶಿಥಿಲವಾಗುವ ಮೊದಲೇ ಹೊಸ ಗರಿಯ ಮೇಲೆ ಅದನ್ನು ಪ್ರತಿಮಾಡಿದ ಲಿಪಿಕಾರರಿದ್ದರು. ಅವರ ಶ್ರಮದಿಂದಲೇ ಹಳಗನ್ನಡ ಕಾವ್ಯಗಳು ನಮ್ಮವರೆಗೆ ಬಂದಿವೆ. ಇಂದು ಊರೂರಿನ ಶಾಲೆಗಳಲ್ಲಿ, ಸಂಘಗಳಲ್ಲಿ, ಮನೆಗಳಲ್ಲಿ ಹಳೆಯ ಸಂಕೇತದ ಕನ್ನಡ ಕಡತಗಳಿವೆ. ಅವುಗಳಲ್ಲಿ ಊರಿನ ಚರಿತ್ರೆ ಇರಬಹುದು, ಅಜ್ಜಿ ಹೇಳಿದ ಹಾಡುಗಳನ್ನು ಯಾರೋ ಬರೆದಿಟ್ಟದ್ದಿರಬಹುದು. ಅವುಗಳನ್ನು ತೆರೆಯಬಲ್ಲ ಗಣಕಗಳು ಕೆಲಸ ಮಾಡುತ್ತಿರುವಾಗಲೇ ಈ ಕೆಲಸ ಆಗಬೇಕು. ಅದಕ್ಕೆ ಬೇಕಾದ ಉಪಕರಣಗಳು ಇಂದು ಹಣವಿಲ್ಲದೆ ದೊರೆಯುತ್ತವೆ. ಬೇಕಾದುದು ಕನ್ನಡ ಬಲ್ಲ, ತಾಳ್ಮೆಯುಳ್ಳ ಕೈಗಳು.

ಅಭ್ಯಾಸ

1. ‘ಮಾರ್ಕ್‌ಅಪ್’ ಎಂಬ ಹೆಸರು ಅಚ್ಚುಕೂಟದ ಯಾವ ರೂಢಿಯಿಂದ ಬಂದಿತು?

2. ವಕೀಲರ ಕಚೇರಿಗಳ ಕಾಗದಪತ್ರಗಳ ವಿಷಯದಲ್ಲಿ ಗೋಲ್ಡ್‌ಫಾರ್ಬ್ ಮತ್ತು ಅವರ ಸಂಗಡಿಗರು ಕಂಡುಕೊಂಡ ಪರಿಹಾರವನ್ನು ವಿವರಿಸಿರಿ.

3. ಹನ್ನೆರಡು ಗುರುತುಭಾಷೆಗಳಿದ್ದರೆ ನೇರ ಪರಿವರ್ತಕಗಳು ಎಷ್ಟು ಬೇಕು? ಮಧ್ಯರೂಪವಿದ್ದರೆ ಎಷ್ಟು ಭಾಗಗಳು ಸಾಕು?

4. ಪ್ಯಾಂಡಾಕ್ ಪಿಡಿಎಫ್ ಕಡತವನ್ನು ತಯಾರಿಸಬಲ್ಲದು, ಆದರೆ ಓದಲಾರದು. ಏಕೆ?

5. ‘ಧರ್ಮ’ ಎಂಬ ಪದವನ್ನು ನುಡಿಯುವ ಕ್ರಮದಲ್ಲಿಯೂ ಬರೆಯುವ ಕ್ರಮದಲ್ಲಿಯೂ ಬಿಡಿಸಿ ಬರೆದು, ವ್ಯತ್ಯಾಸವನ್ನು ತಿಳಿಸಿರಿ.

6. ನಿಮ್ಮ ಊರಿನ ಬಗೆಗೆ ಹತ್ತು ಸಾಲಿನ ಬರಹವೊಂದನ್ನು ಶೀರ್ಷಿಕೆ, ಪರಿಚ್ಛೇದ, ಪಟ್ಟಿ ಮತ್ತು ಒತ್ತುಗಳ ಗುರುತು ಹಾಕಿ ಬರೆಯಿರಿ.